ಸುಂಟರಗಾಳಿಯ ಹಾವಳಿ: ಊರು, ಹೊಲ, ಕಾಡುಗಳ ಮೇಲೆ ಅದರ ಪರಿಣಾಮ

ರೈತನಿಗೆ ಕೇಡುಮಾಡುವ ಪ್ರಕೃತಿಯ ಕೋಪಗಳಲ್ಲಿ ಹೆಚ್ಚಿನವು ಸೂಚನೆ ಕೊಟ್ಟು ಬರುವುವು. ಮಳೆ ತಪ್ಪಿದರೆ ಪೈರು ದಿನದಿನಕ್ಕೆ ಬಾಡುವುದನ್ನು ಕಣ್ಣಾರೆ ಕಾಣುತ್ತೇವೆ. ಹೊಳೆಯಲ್ಲಿ ಪ್ರವಾಹ ಏರುವುದಕ್ಕೆ ಮುಂಚೆ ಮೇಲಿನ ಊರುಗಳಿಂದ ಸುದ್ದಿ ಬರುವುದು. ಕೀಟವೂ ರೋಗವೂ ಹೊಲದ ಒಂದು ಮೂಲೆಯಲ್ಲಿ ತಲೆದೋರಿ ಬಳಿಕ ಹಬ್ಬುವುವು. ಸುಂಟರಗಾಳಿಯ ರೀತಿಯೇ ಬೇರೆ. ಅದು ಕೆಲವೇ ನಿಮಿಷಗಳಲ್ಲಿ ಬಂದು, ತನ್ನ ದಾರಿಯಲ್ಲಿದ್ದುದನ್ನೆಲ್ಲ ನೆಲಸಮಮಾಡಿ, ಮರೆಯಾಗುವುದು. ಒಂದು ಮಗ್ಗುಲಿನ ಮನೆ ಪುಡಿಯಾಗಿರುವಾಗ ಎದುರು ಬೀದಿಯ ಮನೆಯ ಹಂಚು ಸಹ ಕದಲದೆ ಇರುವುದುಂಟು. ಇದನ್ನು ಕಂಡ ಜನರು ಇದು ಮನುಷ್ಯನ ಬುದ್ಧಿಗೆ ನಿಲುಕದ ವಿಧಿಯ ಆಟವೆಂದು ಕೈಕಟ್ಟಿ ಕುಳಿತುಬಿಡುವುದು ಸಹಜ.

ಆದರೆ ಈ ಗಾಳಿಯ ಹಾವಳಿಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದರೆ ಬೇರೊಂದು ಸಂಗತಿ ಗೊತ್ತಾಗುವುದು. ಹೆಚ್ಚುಕಡಿಮೆ ಒಂದೇ ಬಲದ ಗಾಳಿಯು ಒಂದು ನಾಡಿನಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿದೆ. ಇನ್ನೊಂದು ನಾಡಿನಲ್ಲಿ ಊರಿಗೆ ಊರನ್ನೇ ಕೆಡವಿದರೂ ಬೆರಳೆಣಿಕೆಯಷ್ಟು ಜನರನ್ನು ಮಾತ್ರ ಕೊಂದಿದೆ. ಈ ವ್ಯತ್ಯಾಸಕ್ಕೆ ಕಾರಣವು ಬಹುಮಟ್ಟಿಗೆ ಗಾಳಿಯಲ್ಲಿಲ್ಲ. ಮನೆಗಳ ಕಟ್ಟಡದಲ್ಲಿಯೂ, ಸುದ್ದಿಯು ಸಕಾಲದಲ್ಲಿ ಮುಟ್ಟಿತೇ ಇಲ್ಲವೇ ಎಂಬುದರಲ್ಲಿಯೂ ಇದೆ. ಇವೆರಡೂ ಗ್ರಾಮದ ಮುಖಂಡರ ಮತ್ತು ಜಮೀನುದಾರರ ಕೈಯಲ್ಲಿ ಅಷ್ಟಿಷ್ಟು ಇರತಕ್ಕ ವಿಷಯಗಳಾದುದರಿಂದ ಈ ಲೇಖನವನ್ನು ಅವರ ಅವಗಾಹನೆಗೆ ತಂದಿದೆ.

ಮೂರು ಬಗೆಯ ಗಾಳಿಗಳು

ನಮ್ಮ ಆಡುಮಾತಿನಲ್ಲಿ ಸುಂಟರಗಾಳಿಯೆಂಬ ಹೆಸರನ್ನು ಒಂದಕ್ಕಿಂತ ಹೆಚ್ಚು ಬಗೆಯ ಗಾಳಿಗಳಿಗೆ ಬಳಸುವ ವಾಡಿಕೆಯುಂಟು. ಬೇಸಗೆಯ ನಡುಹಗಲಿನಲ್ಲಿ ಉತ್ತ ಹೊಲದ ಮೇಲೆ ಎದ್ದು, ತರಗೆಲೆಯನ್ನೂ ಧೂಳನ್ನೂ ಗಿರ್ರನೆ ತಿರುಗಿಸುತ್ತ ಕೊಂಚ ದೂರ ಓಡಿ ಅಡಗುವ ಧೂಳಿನ ಸುಳಿಯು ಮೊದಲನೆಯದು. ಇದು ಕಾದ ನೆಲದಿಂದ ಮೇಲಕ್ಕೆ ಏಳುವುದು. ಇದಕ್ಕೆ ಮೋಡದ ಸಂಬಂಧವಿಲ್ಲ. ಇದರಿಂದ ಹುಲ್ಲಿನ ಬಣವೆಯ ಮೇಲುಭಾಗ ಹಾರುವುದೇ ಮುಂತಾದ ಸಣ್ಣ ನಷ್ಟಗಳಾಗಬಹುದೇ ಹೊರತು ಸಾಮಾನ್ಯವಾಗಿ ಹೆಚ್ಚಿನ ಕೇಡಿಲ್ಲ.

ಎರಡನೆಯದು ಚಂಡಮಾರುತ. ಇದು ಸಮುದ್ರದ ಮೇಲೆ ಹುಟ್ಟಿ, ನೂರಾರು ಮೈಲಿಗಳ ವಿಸ್ತಾರಕ್ಕೆ ಬೆಳೆದು, ದಿನಗಟ್ಟಲೆ ಪ್ರಯಾಣಮಾಡಿ ಕರಾವಳಿಯನ್ನು ಮುಟ್ಟುವುದು. ಇಂದು ಉಪಗ್ರಹಗಳ ಸಹಾಯದಿಂದ ಇದರ ಬರವನ್ನು ಹಲವು ದಿನಗಳಿಗೆ ಮುಂಚೆಯೇ ತಿಳಿಯಬಹುದು.

ಮೂರನೆಯದೇ ಇಂಗ್ಲಿಷಿನಲ್ಲಿ ಟಾರ್ನೆಡೊ ಎಂದು ಹೆಸರುಗೊಂಡ ನಿಜವಾದ ಸುಂಟರಗಾಳಿ. ಇದು ಭಾರಿ ಗುಡುಗುಮೋಡದ ತಳದಿಂದ ಆನೆಯ ಸೊಂಡಿಲಿನಂತೆ ಇಳಿಬಿದ್ದು, ನೆಲವನ್ನು ಮುಟ್ಟಿ, ಅತಿವೇಗದಿಂದ ಸುತ್ತುತ್ತ ಮುಂದೆ ಸಾಗುವ ಗಾಳಿಯ ಕಂಬ. ಭೂಗೋಳದ ಉತ್ತರಾರ್ಧದಲ್ಲಿ ಇದು ಸಾಮಾನ್ಯವಾಗಿ ಅಪ್ರದಕ್ಷಿಣವಾಗಿ ಸುತ್ತುವುದು. ಬಹುಪಾಲು ಸುಂಟರಗಾಳಿಗಳ ಅಗಲ ಕೆಲವು ನೂರು ಗಜಗಳನ್ನು ಮೀರುವುದಿಲ್ಲ. ಆಯುಸ್ಸು ಹತ್ತು ನಿಮಿಷವೂ ಇರುವುದಿಲ್ಲ. ಆದರೆ ಕೆಲವು ಒಂದು ಮೈಲಿಗೂ ಹೆಚ್ಚು ಅಗಲವಾಗಿ ಬೆಳೆದು ಗಂಟೆಗಟ್ಟಲೆ ಓಡುವುವು. ಹಾವಳಿಯೆಲ್ಲ ಹೆಚ್ಚಾಗಿ ಇಂತಹ ಕೆಲವರಿಂದಲೇ ಆಗತಕ್ಕದ್ದು.

ಕರ್ನಾಟಕದಲ್ಲಿ ಈ ಮೂರನೆಯ ಬಗೆಯ ಗಾಳಿ ಬಹಳ ಅಪೂರ್ವ. ಆದರೆ ಯುಗಾದಿಯಿಂದ ಮುಂಗಾರಿನವರೆಗೆ ಗುಡುಗು, ಮಿಂಚು, ಆಲಿಕಲ್ಲುಗಳೊಡನೆ ಬೀಸಿ ಬಾಳೆಯ ತೋಟಗಳನ್ನು ಮಲಗಿಸುವ, ಅಡಿಕೆಯ ಮರಗಳನ್ನು ಮುರಿಯುವ, ತಗಡಿನ ಮಾಡುಗಳನ್ನು ಹಾರಿಸುವ ಬಿರುಗಾಳಿಯು ಅದೇ ಕುಲದ ಮೋಡಗಳಿಂದಲೇ ಹುಟ್ಟತಕ್ಕದ್ದು. ಆದುದರಿಂದ ಹೆಚ್ಚು ಪೆಟ್ಟು ತಿಂದ ನಾಡುಗಳು ಕಲಿತ ಪಾಠವು ನಮಗೂ ಪ್ರಯೋಜನಕ್ಕೆ ಬರುವಂತಹುದು.

ಹುಟ್ಟುವ ಬಗೆ

ನೆಲದ ಸಮೀಪದಲ್ಲಿ ಬಿಸಿಯಾದ, ತೇವದಿಂದ ತುಂಬಿದ ಗಾಳಿ. ಅದರ ಮೇಲೆ ಒಣಗಾಳಿ. ಇನ್ನೂ ಮೇಲೆ ತಣ್ಣಗಿನ, ವೇಗವಾಗಿ ಬೀಸುವ ಗಾಳಿ. ಈ ಮೂರು ಒಂದೇ ಸ್ಥಳದಲ್ಲಿ ಕೂಡಿದಾಗ ಕೆಳಗಿನ ತೇವದ ಗಾಳಿಯು ಬಲವಾಗಿ ಮೇಲಕ್ಕೆ ನುಗ್ಗಿ ಆರೇಳು ಮೈಲಿಗಳಿಗೂ ಹೆಚ್ಚು ಎತ್ತರದ ಮೋಡವನ್ನು ಕಟ್ಟುವುದು. ಕೆಳಗಿನ ಗಾಳಿ ಒಂದು ದಿಕ್ಕಿಗೂ ಮೇಲಿನ ಗಾಳಿ ಬೇರೊಂದು ದಿಕ್ಕಿಗೂ ಬೇರೆ ಬೇರೆ ವೇಗದಲ್ಲಿ ಬೀಸುತ್ತಿದ್ದರೆ, ಎರಡು ಅಂಗೈಗಳ ನಡುವೆ ಹೊಸೆದ ಬತ್ತಿಯು ಉರುಳುವಂತೆ, ನಡುವಣ ಗಾಳಿಯು ಸುತ್ತತೊಡಗುವುದು. ಮೇಲಕ್ಕೆ ನುಗ್ಗುವ ಗಾಳಿಯು ಈ ಸುತ್ತನ್ನು ನೆಟ್ಟಗೆ ಎತ್ತಿ ನಿಲ್ಲಿಸಿದಾಗ ಮೋಡವೇ ತಿರುಗಲಾರಂಭಿಸುವುದು. ಇಂತಹ ಮೋಡಗಳಲ್ಲಿ ಕೆಲವು ಮಾತ್ರ ಸುಂಟರಗಾಳಿಯನ್ನು ಇಳಿಬಿಡುವುವು. ಯಾವ ಮೋಡ ಬಿಡುವುದು, ಯಾವುದು ಬಿಡದೆ ಹೋಗುವುದು ಎಂಬುದನ್ನು ಖಚಿತವಾಗಿ ಮುಂಚಿತವಾಗಿ ಹೇಳುವುದು ಇಂದಿಗೂ ಸುಲಭವಲ್ಲ.

ಅಮೆರಿಕದ ಮಧ್ಯಭಾಗದ ಬಯಲುಗಳಲ್ಲಿ ಮೆಕ್ಸಿಕೋ ಕೊಲ್ಲಿಯ ತೇವದ ಗಾಳಿಯೂ ಪಶ್ಚಿಮದ ಪರ್ವತಗಳ ಕಡೆಯ ಒಣಗಾಳಿಯೂ ಸಂಧಿಸುವುದರಿಂದ ಆ ದೇಶದಲ್ಲಿ ವರ್ಷಕ್ಕೆ ಸುಮಾರು 1,200 ಸುಂಟರಗಾಳಿಗಳು ಹುಟ್ಟುವುವು. ನಮ್ಮ ಉಪಖಂಡದಲ್ಲಿ ಇಂತಹ ಸಂಧಿಸ್ಥಾನವು ಬಂಗಾಳದ ಬಯಲು. ಚೈತ್ರ ವೈಶಾಖಗಳಲ್ಲಿ ಬಂಗಾಳ ಕೊಲ್ಲಿಯ ತೇವದ ಗಾಳಿಯ ಮೇಲೆ ಛೋಟಾ ನಾಗಪುರದ ಕಡೆಯಿಂದ ಕಾದ ಒಣಗಾಳಿ ಬಂದು ಕವಿಯುವುದು. ಆಗ ಸಂಜೆಯ ಹೊತ್ತು ವಾಯವ್ಯದಿಂದ ಎದ್ದುಬರುವ ಬಿರುಗಾಳಿಯನ್ನು ಬಂಗಾಳದ ಜನರು ಕಾಲಬೈಶಾಖಿ ಎನ್ನುವರು. ಹೊಲಕ್ಕೆ ಮೊದಲ ತೇವವನ್ನು ತರುವುದೂ ಅದೇ. ಒಮ್ಮೊಮ್ಮೆ ಸುಂಟರಗಾಳಿಯನ್ನು ಹೊತ್ತು ತರುವುದೂ ಅದೇ.

ಗಾಳಿಯ ಬಲದ ಲೆಕ್ಕ

ಗಾಳಿಯ ವೇಗ ಇಮ್ಮಡಿಯಾದರೆ ಅದರ ನೂಕು ಇಮ್ಮಡಿಯಲ್ಲ, ನಾಲ್ಕು ಪಟ್ಟಾಗುವುದು. ಗಂಟೆಗೆ 50 ಮೈಲಿ ವೇಗದ ಗಾಳಿಯು ಎದುರಿಗಿರುವ ಒಂದು ಚದರಡಿ ಗೋಡೆಯನ್ನು ಸುಮಾರು ಆರೂವರೆ ಪೌಂಡಿನ ಬಲದಿಂದ ನೂಕುವುದು. ಅದೇ ಗಾಳಿ 200 ಮೈಲಿಯ ವೇಗವನ್ನು ಪಡೆದರೆ ನೂಕು ಹದಿನಾರು ಪಟ್ಟಾಗಿ, ಚದರಡಿಗೆ 100 ಪೌಂಡನ್ನು ಮೀರುವುದು. ಹಾಗೆಂದರೆ ಇಪ್ಪತ್ತು ಚದರಡಿಯ ಒಂದು ತಗಡಿನ ಹಾಳೆಯ ಮೇಲೆ ಬೀಳುವ ಬಲ 2,000 ಪೌಂಡಿಗೆ ಕಡಿಮೆಯಿಲ್ಲ. ನಾಲ್ಕಾರು ಮೊಳೆಗಳು ಇದನ್ನು ಹಿಡಿದಿಡಲಾರವೆಂಬುದು ಸ್ಪಷ್ಟ.

ಕೆಲವರು ಸುಂಟರಗಾಳಿಯ ಒಡಲಿನಲ್ಲಿ ವಾಯುಭಾರ ಕಡಿಮೆಯಾಗಿರುವುದರಿಂದ ಮನೆಯು ಒಳಗಿನಿಂದ ಸಿಡಿಯುವುದೆಂದೂ, ಕಿಟಕಿಗಳನ್ನು ತೆರೆದಿಟ್ಟರೆ ಮನೆ ಉಳಿಯುವುದೆಂದೂ ನಂಬಿದ್ದರು. ಇದು ತಪ್ಪೆಂದು ಈಗ ಸಿದ್ಧವಾಗಿದೆ. ಮನೆಯನ್ನು ಕೆಡವುವುದು ಗಾಳಿಯ ನೂಕೂ, ಅದು ಹೊತ್ತು ತರುವ ಮರಮುಟ್ಟುಗಳ ಹೊಡೆತವೂ. ಮೊದಲು ಕಿಟಕಿ ಬಾಗಿಲುಗಳು ಮುರಿಯುವುವು. ಒಳನುಗ್ಗಿದ ಗಾಳಿ ಮಾಡನ್ನು ಎತ್ತುವುದು. ಮಾಡಿನ ಹಿಡಿತ ತಪ್ಪಿದ ಗೋಡೆಗಳು ಬೀಳುವುವು.

ಷಿಕಾಗೋ ವಿಶ್ವವಿದ್ಯಾನಿಲಯದ ಪಂಡಿತರಾದ ಟೆಟ್ಸುಯಾ ಫುಜಿಟಾ ಎಂಬವರು 1971ರಲ್ಲಿ ಸುಂಟರಗಾಳಿಗಳನ್ನು ಸೊನ್ನೆಯಿಂದ ಐದರವರೆಗೆ ವಿಂಗಡಿಸುವ ಅಳತೆಯೊಂದನ್ನು ಏರ್ಪಡಿಸಿದರು. ಅಮೆರಿಕದಲ್ಲಿ 2007ರಿಂದ ಇದರ ತಿದ್ದಿದ ರೂಪವು ಬಳಕೆಯಲ್ಲಿದೆ. ಗಾಳಿ ಹೋದ ಬಳಿಕ ಬಿದ್ದುದೇನು, ನಿಂತುದೇನು ಎಂಬುದನ್ನು ಪರೀಕ್ಷಿಸಿ ಅದರ ಬಲವನ್ನು ನಿರ್ಣಯಿಸುವುದು ಈ ಅಳತೆಯ ಕ್ರಮ.

ಸುದ್ದಿಯಿಲ್ಲದ ಊರುಗಳು: 1925

1925ನೆಯ ಮಾರ್ಚಿ 18ರಂದು ಮಧ್ಯಾಹ್ನ ಅಮೆರಿಕದ ಮಿಸೌರಿ ಸೀಮೆಯಲ್ಲಿ ನೆಲಕ್ಕಿಳಿದ ಒಂದು ಸುಂಟರಗಾಳಿಯು ಇಲಿನಾಯ್ ಸೀಮೆಯನ್ನು ಅಡ್ಡಹಾಯ್ದು ಇಂಡಿಯಾನಾ ಸೀಮೆಯಲ್ಲಿ ಅಡಗಿತು. ಮೂರೂವರೆ ಗಂಟೆಗಳಲ್ಲಿ ಅದು ಸಾಗಿದ ದೂರ 219 ಮೈಲಿ. ಸತ್ತವರು 695 ಮಂದಿ. ಗಂಟೆಗೆ ಸುಮಾರು 60 ಮೈಲಿಯಂತೆ ಅದು ಮುಂದೆ ಬರುತ್ತಿದ್ದುದರಿಂದ ಕಂಡ ಮೇಲೆ ಓಡಿ ಪಾರಾಗುವ ಮಾತೇ ಇರಲಿಲ್ಲ. ಸೊಂಡಿಲಿನ ಆಕಾರವೂ ಸ್ಪಷ್ಟವಾಗಿ ತೋರದೆ, ಕಪ್ಪು ಮಂಜೊಂದು ನೆಲದ ಮೇಲೆ ಉರುಳಿಬರುವಂತೆ ಇದ್ದುದರಿಂದ ಹೊಲಗಳಲ್ಲಿದ್ದ ರೈತರಿಗೆ ಅದರ ಗುರುತೇ ಸಿಕ್ಕಲಿಲ್ಲ.

ಮರ್ಫಿಸ್‌ಬರೊ ಎಂಬ ಒಂದೇ ಪಟ್ಟಣದಲ್ಲಿ 234 ಜನರು ಮಡಿದರು. ಬಿದ್ದ ಮನೆಗಳಿಗೆ ಬೆಂಕಿ ಹತ್ತಿ, ಅವಶೇಷಗಳ ಕೆಳಗೆ ಸಿಕ್ಕಿಕೊಂಡವರಲ್ಲಿ ಕೆಲವರು ಸುಟ್ಟುಹೋದರು. ಡಿ ಸೋಟೋ ಎಂಬ ಸಣ್ಣ ಊರಿನ ಶಾಲೆ ಕುಸಿದು 33 ಮಕ್ಕಳು ಸತ್ತರು. ವೆಸ್ಟ್ ಫ್ರಾಂಕ್‌ಫರ್ಟಿನಲ್ಲಿ ಗಂಡಸರಲ್ಲಿ ಅನೇಕರು ಕಲ್ಲಿದ್ದಲ ಗಣಿಯೊಳಗೆ ಕೆಲಸಮಾಡುತ್ತಿದ್ದರು. ವಿದ್ಯುತ್ತು ನಿಂತಿತೆಂದು ಅವರು ಮೇಲಕ್ಕೆ ಬಂದು ನೋಡಿದಾಗ ಮನೆಗಳು ಇರಲಿಲ್ಲ. ಸತ್ತವರಲ್ಲಿ ಬಹುಮಂದಿ ಹೆಂಗಸರೂ ಮಕ್ಕಳೂ ಆಗಿದ್ದರು. ಪ್ಯಾರಿಷ್ ಎಂಬ ಹಳ್ಳಿ ಹೆಚ್ಚುಕಡಿಮೆ ಪೂರ್ತಿ ನಾಶವಾಗಿ ಮತ್ತೆ ಮೊದಲಿನ ಸ್ಥಿತಿಗೆ ಬರಲೇ ಇಲ್ಲ.

ಆ ದಿನ ಈ ಊರುಗಳಿಗೆ ಯಾವ ಎಚ್ಚರಿಕೆಯೂ ಮುಟ್ಟಿರಲಿಲ್ಲ. ಇದಕ್ಕೆ ಹಿಂದಿನ ಕಥೆಯೊಂದುಂಟು. ಜಾನ್ ಫಿನ್ಲೆ ಎಂಬ ಸೈನ್ಯಾಧಿಕಾರಿಯು 1884ರಲ್ಲಿಯೇ ಸುಂಟರಗಾಳಿಯ ಮುನ್ಸೂಚನೆಯನ್ನು ಪ್ರಯೋಗಕ್ಕೆ ತಂದಿದ್ದನು. ಆದರೆ ಆ ಹೆಸರನ್ನು ಕೇಳಿದರೆ ಜನರು ದಿಗಿಲುಬಿದ್ದು ಹೆಚ್ಚಿನ ಅನಾಹುತಕ್ಕೆ ಗುರಿಯಾಗುವರೆಂಬ ಭಾವನೆಯಿಂದ ಹವಾಮಾನದ ಅಧಿಕಾರಿಗಳು ಆ ಶಬ್ದವನ್ನು ಮುನ್ಸೂಚನೆಗಳಲ್ಲಿ ಬಳಸಬಾರದೆಂದು ಗೊತ್ತುಮಾಡಿದರು. 1880ರ ದಶಕದಿಂದ 1938ರವರೆಗೆ ಈ ನಿಷೇಧ ನಡೆಯಿತು. ಆ ಬಳಿಕ 1948ರ ಮಾರ್ಚಿ 20ರಂದು ಒಕ್ಲಹೋಮದ ಟಿಂಕರ್ ವಿಮಾನಠಾಣ್ಯವನ್ನು ಸುಂಟರಗಾಳಿಯೊಂದು ಹಾಳುಮಾಡಿತು. ಅಲ್ಲಿನ ಅಧಿಕಾರಿಗಳಾದ ಫಾಬುಷ್ ಮತ್ತು ಮಿಲ್ಲರ್ ಎಂಬವರು ಆ ದಿನದ ಹವೆಯ ಲಕ್ಷಣಗಳನ್ನು ಶೋಧಿಸಿ, ಐದು ದಿನಗಳ ಮೇಲೆ ಅವೇ ಲಕ್ಷಣಗಳು ಮರಳಿ ಕಂಡಾಗ ಮುನ್ಸೂಚನೆ ಕೊಟ್ಟರು. ಅದೇ ಸಂಜೆ ಗಾಳಿ ಬಂದೇ ಬಂದಿತು. ವಿಮಾನಗಳನ್ನು ಭದ್ರಪಡಿಸಿದ್ದುದರಿಂದ ನಷ್ಟ ತಗ್ಗಿತು. ಜನರು ಹೆದರುವರೆಂದು ಸುದ್ದಿಯನ್ನು ಮುಚ್ಚಿಡುವುದಕ್ಕಿಂತ, ಸುದ್ದಿಯನ್ನು ತಿಳಿಸಿ ಮಾಡತಕ್ಕದ್ದನ್ನು ಕಲಿಸುವುದೇ ಮೇಲೆಂಬುದು ಅಲ್ಲಿಂದ ಸ್ಥಾಪಿತವಾಯಿತು. 1925ರ ಕಾಲಕ್ಕೆ ಹೋಲಿಸಿದರೆ ಈ ಶತಮಾನದ ಆರಂಭದ ಹೊತ್ತಿಗೆ, ಜನಸಂಖ್ಯೆಯ ಪ್ರಮಾಣದಲ್ಲಿ, ಆ ದೇಶದಲ್ಲಿ ಸುಂಟರಗಾಳಿಯ ಸಾವುಗಳು ಹತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆಯಾಗಿದ್ದುವು.

ತಗಡಿನ ಮನೆಗಳ ನಾಡು: 1989

ಬಂಗಾಳದಲ್ಲಿ ಈ ಗಾಳಿಯ ನೆನಪು ಹಳೆಯದು. 1888ರ ಏಪ್ರಿಲ್ 7ರಂದು ಢಾಕಾ ನಗರದ ಮೇಲೆ ಬಂದ ಸುಂಟರಗಾಳಿಯು ನವಾಬರ ಅರಮನೆಯಾದ ಅಹ್ಸಾನ್ ಮಂಜಿಲನ್ನೇ ಬಹುವಾಗಿ ಕೆಡಿಸಿತು. ಅದನ್ನು ತಿರುಗಿ ಕಟ್ಟಬೇಕಾಯಿತು. ಆದರೆ ಇದುವರೆಗೆ ಪ್ರಪಂಚದಲ್ಲಿ ಎಲ್ಲಕ್ಕಿಂತ ಹೆಚ್ಚು ಜನರನ್ನು ಕೊಂದ ಸುಂಟರಗಾಳಿಯೆಂದು ಎಣಿಸಲ್ಪಟ್ಟಿರುವುದು ಬಾಂಗ್ಲಾದೇಶದ ಮಾಣಿಕ್‌ಗಂಜ್ ಜಿಲ್ಲೆಯಲ್ಲಿ 1989ರ ಏಪ್ರಿಲ್ 26ರ ಸಂಜೆ ಬೀಸಿದುದು. ಅದಕ್ಕೆ ಮುಂಚೆ ಆ ಪ್ರಾಂತದಲ್ಲಿ ತಿಂಗಳುಗಟ್ಟಲೆ ಮಳೆಯಿರಲಿಲ್ಲ. ಜನರು ಮೋಡವನ್ನು ಹಾರೈಸುತ್ತಿದ್ದ ಕಾಲ ಅದು. ದೌಲತ್‌ಪುರದಿಂದ ಸಾಟುರಿಯಾದ ಕಡೆಗೆ ಸುಮಾರು 50 ಮೈಲಿ ಉದ್ದಕ್ಕೆ, ಒಂದು ಮೈಲಿಯ ಅಗಲಕ್ಕೆ ಗಾಳಿಯ ಜಾಡು ಹಬ್ಬಿತು. ಸುಮಾರು 1,300 ಜನರು ಸತ್ತರು. 12,000 ಜನರಿಗೆ ಗಾಯಗಳಾದುವು. 80,000 ಜನರು ನಿರ್ವಸತಿಗರಾದರು. ಎರಡು ಚದರ ಮೈಲಿಗೂ ಹೆಚ್ಚಿನ ಪ್ರದೇಶದಲ್ಲಿ ಒಂದು ಮನೆಯೂ ನಿಲ್ಲಲಿಲ್ಲ.

ಇಲ್ಲಿನ ಜಾಡು 1925ರ ಜಾಡಿನ ಕಾಲುಭಾಗದಷ್ಟೂ ಉದ್ದವಿರಲಿಲ್ಲ. ಸತ್ತವರಾದರೋ ಹೆಚ್ಚುಕಡಿಮೆ ಎರಡರಷ್ಟು. ಕಾರಣಗಳು ಮೂರು. ಊರುಗಳು ಒತ್ತಾಗಿದ್ದು ಜನಸಂಖ್ಯೆ ಅಧಿಕವಾಗಿತ್ತು. ಎಚ್ಚರಿಕೆ ಮುಟ್ಟಿಸುವ ಏರ್ಪಾಡಿರಲಿಲ್ಲ. ಮನೆಗಳೆಲ್ಲ ಬಿದಿರು, ಮಣ್ಣು, ಸೆಣಬಿನ ಕಡ್ಡಿ ಮತ್ತು ತಗಡಿನವು. ಹುಲ್ಲಿನ ಮಾಡಿಗಿಂತ ತಗಡಿನ ಮಾಡು ಮಳೆಗೆ ಒಳ್ಳೆಯದು. ಆದುದರಿಂದ ನಾಲ್ಕು ಕಾಸು ಕೂಡಿಸಿದ ಬಡವನು ಮೊದಲು ತರುವುದು ತಗಡನ್ನು. ಗಾಳಿ ಅದನ್ನು ಕಿತ್ತಾಗ ಅದೇ ಹರಿತವಾದ ಕತ್ತಿಯಾಗಿ ಜನರನ್ನೂ ದನಗಳನ್ನೂ ಕೊಯ್ಯುವುದು. ಬಂಗಾಳದ ಸುಂಟರಗಾಳಿಗಳಲ್ಲಿ ಅನೇಕರು ಸಾಯುವುದು ಇಂತಹ ಹಾರುವ ತಗಡುಗಳಿಂದಲೇ. ಮನೆಯನ್ನು ಕಾಯಬೇಕಾದ ಮಾಡು ಹೀಗೆ ಪಕ್ಕದ ಮನೆಯವನ ಪ್ರಾಣಕ್ಕೆ ಎರವಾಗುವುದು. 1996ರ ಮೇ 13ರಂದು ಟಾಂಗೈಲ್ ಜಿಲ್ಲೆಯಲ್ಲಿಯೂ ಇದೇ ರೀತಿ ನಡೆದು ನೂರಾರು ಜನರು ಮಡಿದರು.

ಊರು ಹೋಯಿತು, ಜನರು ಉಳಿದರು: 2007

ಇದಕ್ಕೆ ಪ್ರತಿಯಾಗಿ ಅಮೆರಿಕದ ಕ್ಯಾನ್ಸಸ್ ಸೀಮೆಯ ಗ್ರೀನ್ಸ್‌ಬರ್ಗ್ ಎಂಬ ಗೋದಿ ಬೆಳೆಯುವ ಬಯಲಿನ ಸಣ್ಣ ಪಟ್ಟಣವನ್ನು ನೋಡಬಹುದು. 2007ರ ಮೇ 4ರ ರಾತ್ರಿ ಅತ್ಯಂತ ಬಲವಾದ ವರ್ಗದ ಸುಂಟರಗಾಳಿಯೊಂದು ಅದರ ಮೇಲೆ ಹಾದುಹೋಯಿತು. ಗಾಳಿಯ ಅಗಲವು ಊರಿಗಿಂತ ದೊಡ್ಡದಾಗಿತ್ತು. ನೂರಕ್ಕೆ ತೊಂಬತ್ತೈದರಷ್ಟು ಕಟ್ಟಡಗಳು ನಾಶವಾದುವು. ಧಾನ್ಯದ ದೊಡ್ಡ ಕಣಜವೊಂದು ಅವಶೇಷಗಳ ನಡುವೆ ನಿಂತಿತ್ತು. ಆದರೆ ಸತ್ತವರು 11 ಮಂದಿ ಮಾತ್ರ. ಗಾಳಿ ಬರುವುದಕ್ಕೆ ಸುಮಾರು ಇಪ್ಪತ್ತು ನಿಮಿಷಕ್ಕೆ ಮುಂಚೆ ಊರಿನ ಕಹಳೆ ಕೂಗಿತ್ತು. ಬಹುಮಂದಿ ನೆಲಮಾಳಿಗೆಗಳಲ್ಲಿ ಇಳಿದು ಕುಳಿತಿದ್ದರು.

ಪ್ರಾಣ ಉಳಿದರೂ ಊರು ಉಳಿಯಿತೆಂದು ಹೇಳುವಂತಿಲ್ಲ. 2000ದ ಗಣತಿಯಲ್ಲಿ 1,574 ಇದ್ದ ಜನಸಂಖ್ಯೆ 2010ರ ಗಣತಿಯಲ್ಲಿ 777ಕ್ಕೆ ಇಳಿದಿತ್ತು. ಉಳಿದವರು ಒಗ್ಗಟ್ಟಾಗಿ ಹೊಸ ಶಾಲೆ, ಆಸ್ಪತ್ರೆಗಳನ್ನು ಕಟ್ಟಿಸಿ, ಊರನ್ನು ಹಾಳುಮಾಡಿದ ಗಾಳಿಯಿಂದಲೇ ವಿದ್ಯುತ್ತನ್ನು ಪಡೆಯುವ ಯಂತ್ರಗಳನ್ನು ನಿಲ್ಲಿಸಿದರು. ಆದರೆ ಮನೆ ಕಳೆದುಕೊಂಡ ಮುದುಕರೂ, ಬಾಡಿಗೆಯ ಮನೆಗಳಲ್ಲಿದ್ದ ಬಡವರೂ ಹಿಂದಿರುಗುವುದು ಎಲ್ಲೆಡೆಯೂ ಕಷ್ಟ. ಗಾಳಿಯ ನಷ್ಟವು ಬಿದ್ದ ಗೋಡೆಗಳ ಎಣಿಕೆಯಿಂದ ಮುಗಿಯುವುದಿಲ್ಲ. ಊರು ಬಿಟ್ಟು ಹೋದವರ ಎಣಿಕೆಯೂ ಅದಕ್ಕೆ ಸೇರಬೇಕು.

ಕಹಳೆಯಿದ್ದರೆ ಸಾಲದು, ಅದರಲ್ಲಿ ಜನರಿಗೆ ನಂಬಿಕೆಯೂ ಇರಬೇಕು. 2011ರ ಮೇ 22ರಂದು ಮಿಸೌರಿಯ ಜಾಪ್ಲಿನ್ ನಗರದಲ್ಲಿ ಎಚ್ಚರಿಕೆ ಸಕಾಲದಲ್ಲಿ ಕೊಡಲ್ಪಟ್ಟಿದ್ದರೂ 158 ಜನರು ಸತ್ತರು. ಪದೇ ಪದೇ ಕೂಗಿ ಏನೂ ಆಗದೆ ಹೋದ ಕಹಳೆಯ ಸದ್ದು ಕಿವಿಗೆ ರೂಢಿಯಾಗಿ, ಅನೇಕರು ಮೊದಲ ಕೂಗಿಗೆ ಏಳದೆ ಇನ್ನೊಂದು ಸಾಕ್ಷಿಗಾಗಿ ಕಾದರೆಂದು ಬಳಿಕ ನಡೆದ ವಿಚಾರಣೆಯಿಂದ ತಿಳಿದುಬಂದಿತು.

ಹೊಲ, ನೀರು, ಜಾನುವಾರು

ಸುಂಟರಗಾಳಿಯ ಜಾಡು ಇಕ್ಕಟ್ಟಾದುದರಿಂದ ಬೆಳೆಯ ನಷ್ಟವು ಒಂದು ಪಟ್ಟೆಗೆ ಸೀಮಿತವಾಗಿರುವುದು. ಅದೇ ಮೋಡ ಸುರಿಸುವ ಆಲಿಕಲ್ಲು ಅದಕ್ಕಿಂತ ಹೆಚ್ಚು ಎಕರೆಗಳನ್ನು ಹಾಳುಮಾಡುವುದುಂಟು. ಆದರೆ ಆ ಪಟ್ಟೆಯೊಳಗಿನ ಕೇಡು ಆಳವಾದುದು. 2011ರ ಏಪ್ರಿಲ್ 27ರಂದು ಮಿಸಿಸಿಪ್ಪಿ ಸೀಮೆಯ ಒಂದು ಹುಲ್ಲುಗಾವಲಿನಲ್ಲಿ ಗಾಳಿಯು ಎರಡು ಅಡಿಯ ಆಳದವರೆಗೂ ಮಣ್ಣನ್ನು ಕಿತ್ತೊಯ್ದಿತು. ತಲೆಮಾರುಗಳಿಂದ ಗೊಬ್ಬರ ತಿಂದ ಮೇಲ್ಮಣ್ಣು ಹೋದರೆ ಅದು ಒಂದೆರಡು ವರ್ಷಗಳಲ್ಲಿ ಮರಳಿ ಬಾರದು. ಅದೇ ದಿನ ನೆರೆಯ ಅಲಬಾಮದಲ್ಲಿ ಕೋಳಿ ಸಾಕುವ ಕೊಟ್ಟಿಗೆಗಳು ಕುಸಿದು ಲಕ್ಷಾಂತರ ಕೋಳಿಗಳು ಸತ್ತುವು. ಆಗ ಹಾರಿದ ಮನೆಗಳ ಕಾಗದಪತ್ರಗಳೂ ಚಿತ್ರಪಟಗಳೂ 200 ಮೈಲಿಗಳಾಚೆ ಸಿಕ್ಕಿದುವು.

ಕಾಗದ ಹಾರಿದಂತೆ ಗಾಜು, ಮೊಳೆ, ತಂತಿ, ತಗಡಿನ ಚೂರು, ಕೀಟನಾಶಕದ ಡಬ್ಬಿಗಳೂ ಹಾರಿ ಹೊಲಗಳಲ್ಲಿ ಹರಡುವುವು. ದನವು ಮೇವನ್ನು ಆರಿಸಿ ತಿನ್ನದೆ ಒಟ್ಟಿಗೆ ನುಂಗುವ ಪ್ರಾಣಿ. ಮೇವಿನೊಡನೆ ನುಂಗಿದ ತಂತಿ ಮೊಳೆಗಳು ಅದರ ಎರಡನೆಯ ಹೊಟ್ಟೆಯಲ್ಲಿ ನಿಂತು, ಅದರ ಗೋಡೆಯನ್ನು ಚುಚ್ಚಿ, ಕೆಲವು ವೇಳೆ ಗುಂಡಿಗೆಯನ್ನೇ ಮುಟ್ಟಿ ಪ್ರಾಣ ತೆಗೆಯುವುವು. ಗಾಳಿ ಹೋಗಿ ತಿಂಗಳುಗಳಾದ ಮೇಲೆ ಹಸು ಮೇವು ಬಿಟ್ಟು, ಬೆನ್ನು ಬಾಗಿಸಿ ನಿಂತರೆ ಈ ಸಂಶಯ ಬರಬೇಕು. ಆದುದರಿಂದ ಅವಶೇಷ ಬಿದ್ದ ಹೊಲದ ಹುಲ್ಲನ್ನು ಕೊಯ್ಯುವುದಕ್ಕಾಗಲಿ ಅಲ್ಲಿ ದನ ಬಿಡುವುದಕ್ಕಾಗಲಿ ಮುಂಚೆ ಕಬ್ಬಿಣವನ್ನು ಆರಿಸುವುದು ಮೊದಲ ಕೆಲಸ. ಬಾವಿ ಕೆರೆಗಳಿಗೆ ಬಿದ್ದ ಹೆಣಗಳನ್ನೂ ವಿಷದ ಡಬ್ಬಿಗಳನ್ನೂ ತೆಗೆಸಿ, ನೀರನ್ನು ಪರೀಕ್ಷೆಮಾಡಿಸದೆ ಕುಡಿಯಲಾಗದು.

ಮಣ್ಣಿನಿಂದ ಮನುಷ್ಯನಿಗೂ ಅಪಾಯವುಂಟು. ಜಾಪ್ಲಿನ್ನಿನಲ್ಲಿ ಗಾಯಗೊಂಡವರಲ್ಲಿ 13 ಮಂದಿಗೆ, ಮಣ್ಣಿನಲ್ಲಿಯೂ ಕೊಳೆತ ಮರದಲ್ಲಿಯೂ ಇರತಕ್ಕ ಒಂದು ಬೂಷ್ಟು ಗಾಯದೊಳಕ್ಕೆ ಹೊಕ್ಕು ಮಾಂಸವನ್ನು ಕೊಳೆಯಿಸಿತು. ಅವರಲ್ಲಿ ಐವರು ಸತ್ತರು. ಇಂತಹ ಗಾಯಗಳನ್ನು ಮೇಲಿನಿಂದ ಹೊಲಿದು ಮುಚ್ಚಿದರೆ ಸಾಲದು. ಒಳಗಿನ ಮಣ್ಣು, ಚೂರುಗಳನ್ನು ಪೂರ್ತಿ ತೊಳೆದು ತೆಗೆಯಿಸಬೇಕು.

ಕಾಡಿನ ಸಂಗತಿ

1987ರ ಜುಲೈ 21ರಂದು ಅಮೆರಿಕದ ಯೆಲ್ಲೋಸ್ಟೋನ್ ಪರ್ವತಪ್ರಾಂತದಲ್ಲಿ ಒಂದು ಸುಂಟರಗಾಳಿ ಸುಮಾರು 15,000 ಎಕರೆ ಕಾಡನ್ನು ಮಲಗಿಸಿತು. ಗುಡ್ಡಗಳು ಇಂತಹ ಗಾಳಿಯನ್ನು ತಡೆಯುವುವೆಂಬ ನಂಬಿಕೆ ಅಂದಿಗೆ ಸುಳ್ಳಾಯಿತು. ಮಾರನೆಯ ವರ್ಷ ಆ ಪ್ರಾಂತದಲ್ಲಿ ಎದ್ದ ಕಾಡ್ಗಿಚ್ಚು ಬಿದ್ದ ಮರಗಳ ಪಟ್ಟೆಗೂ ನುಗ್ಗಿತು. ಬಿದ್ದ ಮರಗಳು ಒಣಗಿ ಸೌದೆಯಾಗುವುವು; ಅವುಗಳ ತೊಗಟೆಯಡಿಯಲ್ಲಿ ಹುಳುಗಳು ಬೆಳೆದು, ನಿಂತಿರುವ ಆರೋಗ್ಯದ ಮರಗಳಿಗೂ ಹಬ್ಬಬಹುದು; ತೆರೆದ ನೆಲದಲ್ಲಿ ಕಳೆ ನುಗ್ಗುವುದು.

ಆದರೂ ಕಾಡಿನ ಲೆಕ್ಕ ಊರಿನ ಲೆಕ್ಕದಂತಲ್ಲ. ಪೆನ್ಸಿಲ್ವೇನಿಯಾದ ಟಯೊನೆಸ್ಟಾ ಎಂಬ ಪುರಾತನವಾದ ಕಾಡಿನ ಒಂದು ಭಾಗವನ್ನು 1985ರ ಮೇ 31ರ ಸುಂಟರಗಾಳಿ ಕೆಡವಿತು. ಅಲ್ಲಿ ಬಿದ್ದ ಮರಗಳನ್ನು ಸಾಗಿಸದೆ ಬಿಟ್ಟು ಶಾಸ್ತ್ರಜ್ಞರು ವರ್ಷಗಟ್ಟಲೆ ಪರೀಕ್ಷಿಸಿದರು. ಬುಡಮೇಲಾದ ಪ್ರತಿ ಮರವೂ ಒಂದು ಗುಂಡಿಯನ್ನೂ ಅದರ ಪಕ್ಕದಲ್ಲಿ ಮಣ್ಣಿನ ದಿಬ್ಬವನ್ನೂ ಮಾಡಿ ಬಿದ್ದಿತ್ತು. ನೆರಳು ಹೋಗಿ ಬಿಸಿಲು ಬಿದ್ದ ಆ ಹೊಸ ಮಣ್ಣಿನಲ್ಲಿ ಭೂರ್ಜದ ಜಾತಿಯ ಸಸಿಗಳು ಎದ್ದುವು. ಬಿದ್ದ ದಿಮ್ಮಿಗಳು ಮೆಲ್ಲಗೆ ಕೊಳೆತು ನೆಲಕ್ಕೆ ಗೊಬ್ಬರವಾಗುವುವು. ಆದುದರಿಂದ ಮನೆ ದಾರಿಗಳ ಸಮೀಪದ ಮರಗಳನ್ನು ತೆಗೆಯುವುದು ಅವಶ್ಯವಾದರೂ, ಒಳಗಾಡಿನಲ್ಲಿ ಬಿದ್ದ ಪ್ರತಿಯೊಂದು ಕೊಂಬೆಯನ್ನೂ ಬಳಿದು ಸಾಗಿಸುವುದು ಒಳ್ಳೆಯದಲ್ಲ. ಕಾಡಿಗೆ ಕಾಲವೇ ಚಿಕಿತ್ಸೆ. ಊರಿಗಾದರೋ ಕಾಲವೊಂದೇ ಸಾಲದು, ಮನುಷ್ಯಯತ್ನ ಬೇಕು.

ಗ್ರಾಮದ ಮುಖಂಡರು ಮಾಡತಕ್ಕದ್ದು

ಮೇಲಿನ ಸಂಗತಿಗಳಿಂದ ದೊರೆಯುವ ಸೂಚನೆಗಳು ನಮ್ಮ ಮುಂಗಾರಿನ ಮುಂಚಿನ ಬಿರುಗಾಳಿಗಳಿಗೂ ಅನ್ವಯಿಸುವುವು.

(1) ಊರಿನಲ್ಲಿ ಭದ್ರವಾದ ಗೋಡೆಯೂ ಗಟ್ಟಿಯಾದ ಮಾಳಿಗೆಯೂ ಇರುವ ಕಟ್ಟಡಗಳು ಯಾವುವೆಂದು ಯುಗಾದಿಗೆ ಮುಂಚೆಯೇ ಗುರುತಿಸಿ, ಎಲ್ಲರಿಗೂ ತಿಳಿಸಿರಬೇಕು. ಬೀಗದ ಕೈ ಯಾರಲ್ಲಿರುವುದೆಂಬುದೂ ಗೊತ್ತಿರಬೇಕು.

(2) ತಗಡಿನ ಮಾಡುಗಳನ್ನು ಬರಿಯ ಮೊಳೆಗಳಿಂದಲ್ಲದೆ ಕೊಕ್ಕೆಯ ಬೋಲ್ಟುಗಳಿಂದ ತೊಲೆಗೆ ಬಿಗಿಸಿ, ತೊಲೆಯನ್ನು ಗೋಡೆಗೆ ಕಟ್ಟಬೇಕು. ಮಾಡಿನ ಮೇಲೆ ಕಲ್ಲು ಹೇರುವುದು ಅಪಾಯಕರ; ಗಾಳಿ ಎದ್ದಾಗ ಆ ಕಲ್ಲುಗಳೇ ಉರುಳಿ ತಲೆಗೆ ಬೀಳುವುವು. ಅಂಗಳದಲ್ಲಿ ಬಿಡಿ ತಗಡುಗಳನ್ನು ಒಟ್ಟಿಡಬಾರದು.

(3) ಭಾರತ ಹವಾಮಾನ ಇಲಾಖೆಯು ಗುಡುಗುಮಳೆಯ ವಿಷಯದಲ್ಲಿ ಮುಂದಿನ ಮೂರು ಗಂಟೆಗಳಿಗೆ ಅನ್ವಯಿಸುವ ತ್ವರಿತ ಸೂಚನೆಗಳನ್ನು ಹೊರಡಿಸುತ್ತಿದೆ. ಅದನ್ನು ಮೊಬೈಲಿನಲ್ಲಿ ನೋಡಿ, ಹೊಲಗಳಲ್ಲಿರುವವರಿಗೆ ಮುಟ್ಟಿಸತಕ್ಕವರು ಯಾರೆಂಬುದನ್ನು ಮೊದಲೇ ಗೊತ್ತುಮಾಡಿರಬೇಕು. ಸುದ್ದಿ ಒಮ್ಮೆ ಹುಸಿಯಾಯಿತೆಂದು ಮುಂದಿನ ಸಲ ಅಲಕ್ಷ್ಯಮಾಡಬಾರದು.

(4) ಮೋಡದ ತಳ ತಿರುಗುವುದು, ಎಡೆಬಿಡದ ರೈಲಿನಂತಹ ಮೊರೆತ, ನೆಲದಿಂದ ಏಳುವ ಧೂಳಿನ ಸುತ್ತು ಇವು ಸುಂಟರಗಾಳಿಯ ಗುರುತುಗಳು. ಅದು ಎಡಕ್ಕೂ ಬಲಕ್ಕೂ ಸರಿಯದೆ ನಿಂತಲ್ಲಿಯೇ ದೊಡ್ಡದಾಗುತ್ತಿರುವಂತೆ ಕಂಡರೆ ನಮ್ಮ ಕಡೆಗೇ ಬರುತ್ತಿದೆಯೆಂದು ತಿಳಿಯಬೇಕು. ಆಗ ಭದ್ರವಾದ ಮನೆಯ ಕೆಳಗಿನ, ಕಿಟಕಿಯಿಲ್ಲದ ಒಳಕೋಣೆಯನ್ನು ಸೇರಬೇಕು. ಬಯಲಿನಲ್ಲಿದ್ದು ಬೇರೆ ಗತಿಯಿಲ್ಲದಿದ್ದರೆ, ಮರಗಳಿಂದ ದೂರವಾಗಿ, ನೀರು ಹರಿಯದ ತಗ್ಗಿನಲ್ಲಿ ತಲೆಯನ್ನು ಕೈಗಳಿಂದ ಮುಚ್ಚಿಕೊಂಡು ಮಲಗಬೇಕು. ತಗಡಿನ ಕೊಟ್ಟಿಗೆಯನ್ನಾಗಲಿ ಒಂಟಿಮರವನ್ನಾಗಲಿ ಆಶ್ರಯಿಸಕೂಡದು.

(5) ಬಿತ್ತನೆಯ ಕಾಳನ್ನು ಒಂದೇ ಸ್ಥಳದಲ್ಲಿಡದೆ ಎರಡು ಕಡೆ ಹಂಚಿಡುವುದು ಲೇಸು. ಜಮೀನಿನ ಕಾಗದಪತ್ರಗಳ ನಕಲು ಊರಿನ ಹೊರಗೆ ಇನ್ನೊಂದೆಡೆ ಇರಲಿ.

(6) ಗಾಳಿ ನಿಂತ ಬಳಿಕ ಮೊದಲು ಮನುಷ್ಯರು, ಆಮೇಲೆ ಒಲೆ ಮತ್ತು ವಿದ್ಯುತ್ ತಂತಿಗಳು, ಅನಂತರ ನೀರು, ಕಡೆಗೆ ಹೊಲದ ಕಬ್ಬಿಣ. ಈ ಕ್ರಮದಲ್ಲಿ ಕೆಲಸ ನಡೆಯಬೇಕು.

ಜಮೀನುದಾರರಲ್ಲಿ ವಿಶೇಷವಾಗಿ ಒಂದು ಮಾತನ್ನು ಅರಿಕೆಮಾಡಬೇಕಾಗಿದೆ. ಊರಿನಲ್ಲಿ ಕಲ್ಲಿನ ಗೋಡೆಯ ಮನೆ ಪ್ರಾಯಶಃ ಅವರದೇ ಆಗಿರುವುದು. ಅವರ ಹೊಲದಲ್ಲಿ ದುಡಿಯುವವರ ಮನೆಗಳು ತಗಡಿನವು ಅಥವಾ ಗುಡಿಸಲುಗಳು. ಗಾಳಿಯು ಆ ಗುಡಿಸಲುಗಳನ್ನು ಕೆಡವಿ, ಅಲ್ಲಿದ್ದವರು ಸತ್ತರೆ ಅಥವಾ ಊರು ಬಿಟ್ಟರೆ, ಉಳಿದ ಕಲ್ಲಿನ ಮನೆಯಿಂದ ಮಾತ್ರ ಬಿತ್ತನೆ ನಡೆಯದು. ಮೋಡ ಕಪ್ಪಾದಾಗ ಆ ಮನೆಯ ಬಾಗಿಲು ಕೇರಿಯ ಭೇದವಿಲ್ಲದೆ ಎಲ್ಲರಿಗೂ ತೆರೆದಿರುವುದೆಂದು ಮೊದಲೇ ಸಾರಿದ್ದರೆ, ಅಂದು ಅಳುಕುತ್ತ ಅಂಗಳದಲ್ಲಿ ನಿಲ್ಲುವವರು ಇರುವುದಿಲ್ಲ. ಇದಕ್ಕೆ ಹಣದ ಖರ್ಚಿಲ್ಲ, ಸರ್ಕಾರದ ಮಂಜೂರಾತಿಯೂ ಬೇಡ. ಈ ವರ್ಷದ ಮೊದಲ ಗುಡುಗು ಕೇಳುವುದಕ್ಕೆ ಮುಂಚೆ ಊರಿನವರನ್ನು ಸೇರಿಸಿ ಇದೊಂದು ಮಾತನ್ನು ತಿಳಿಸಿದರೆ ಈ ಲೇಖನದ ಉದ್ದೇಶ ಬಹುಮಟ್ಟಿಗೆ ನೆರವೇರಿದಂತಾಗುವುದು.